ಬಣ್ಣ ನೋಡುವವನ ರಜೆ

ಆ ಮನೆಯಲ್ಲಿ ಒಂದು ಕತೆ ಇದೆ. ನೆಂಟರು ಬಂದು, ಊಟವಾಗಿ, ತಟ್ಟೆ ಒಣಗುತ್ತಿದ್ದರೂ ಏಳಲು ಯಾರಿಗೂ ಮನಸ್ಸಿಲ್ಲದ ಹೊತ್ತಿನಲ್ಲಿ ಯಾರಾದರೊಬ್ಬರು ಅದನ್ನು ಎತ್ತಿಯೇ ಎತ್ತುತ್ತಾರೆ. ಅಪ್ಪ ಹಸುಗೂಸು ಮಗಳನ್ನು ಎದೆಗವಚಿಕೊಂಡು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಹೆಂಡತಿಯ ಚಪ್ಪಲಿ ಸಿಕ್ಕಿಸಿಕೊಂಡು, ‘ಮಗು ಹಳದಿ ಆಗಿಬಿಟ್ಟಿದೆ’ ಎಂದು ಡಾಕ್ಟರ ಬಳಿಗೆ ಓಡಿದ ಕತೆ ಅದು. ಡಾಕ್ಟರು ಮಗುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಣ್ಣುರೆಪ್ಪೆ ಎತ್ತಿ ನೋಡಿ, ‘ಮಗು ಕಲ್ಲುಗುಂಡಿನ ಹಾಗಿದೆ, ಮಾತ್ರೆ ಬೇಕಾಗಿರೋದು ನಿಮಗೆ’ ಎಂದರಂತೆ. ಅಲ್ಲಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವಳು ಆ ಮಗಳೇ. ಕತೆ ಅಲ್ಲಿಗೆ ಮುಗಿಯುತ್ತದೆ. ನಿಜಕ್ಕೂ ಅದು ಮುಗಿಯುವುದು ಅಲ್ಲಲ್ಲ, ಆದರೆ ಅಮ್ಮ ಸರಿಯಾಗಿ ಆ ಹೊತ್ತಿಗೆ ಎದ್ದು ತಟ್ಟೆ ಎತ್ತತೊಡಗುತ್ತಾಳೆ.

ಉಳಿದದ್ದನ್ನು ಬಲ್ಲವರು ಈಗ ಇಬ್ಬರೇ, ಗಂಡ ಮತ್ತು ಹೆಂಡತಿ.

ಅವನು ಬಟ್ಟೆ ಮಿಲ್ಲಿನಲ್ಲಿ ಬಣ್ಣಗಾರನಾಗಿದ್ದ. ಬಣ್ಣಗಾರ ಎಂದರೆ ಬಣ್ಣ ಹಾಕುವವನಲ್ಲ, ಬಣ್ಣ ನೋಡುವವನು. ಕೆಳಗಿನ ಹಜಾರದಲ್ಲಿ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬಟ್ಟೆ ಕುದಿಯುತ್ತಿತ್ತು. ಅದರಿಂದ ಅಂಗೈಯಗಲದ ಒಂದು ತುಂಡು ಕತ್ತರಿಸಿ, ಇಸ್ತ್ರಿ ಒತ್ತಿ ಒಣಗಿಸಿ, ಮೇಲಿನ ಅವನ ಕೋಣೆಗೆ ಕಳಿಸುತ್ತಿದ್ದರು. ಅವನು ಅದನ್ನು ಗಿರಾಕಿ ಕೊಟ್ಟ ಮೂಲ ತುಂಡಿನ ಪಕ್ಕದಲ್ಲಿ ಇಟ್ಟು, ಉತ್ತರದ ಕಿಟಕಿಯ ಬೆಳಕಿನಲ್ಲಿ ನೋಡಿ, ‘ಒಂದು ಚಿಟಿಕೆ ನೀಲಿ’ ಅನ್ನುವನು, ಇಲ್ಲವೇ ‘ಸರಿ’ ಅನ್ನುವನು. ಅವನು ‘ಸರಿ’ ಅನ್ನುವ ತನಕ ಕೆಳಗೆ ಯಾರೂ ಕೈ ಆಡಿಸುವಂತಿರಲಿಲ್ಲ. ಬೆಳಕು ಹತ್ತಿರದಲ್ಲಿರುವ ಬಣ್ಣವನ್ನೆಲ್ಲ ಮೈಗೆ ಅಂಟಿಸಿಕೊಂಡು ಬರುತ್ತದೆ, ಕೆಂಪು ಗೋಡೆಯ ಪಕ್ಕ ಹಿಡಿದ ಬಿಳಿ ಬಟ್ಟೆ ಬಿಳಿಯಾಗಿ ಉಳಿಯುವುದಿಲ್ಲ. ಅದಕ್ಕೇ ಆ ಕೋಣೆಯ ಗೋಡೆ ಬೂದು, ಮೇಜು ಬೂದು, ಅವನು ತೊಡುವ ಕೋಟೂ ಬೂದು. ಢಾಳಾದ ಅಂಗಿ ತೊಟ್ಟವರು ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಮ್ಮೆ ಸಾಕ್ಷಾತ್ ಮ್ಯಾನೇಜರರನ್ನೇ, ‘ಆ ಹಸಿರು ಟೈ ಬಿಚ್ಚಿಟ್ಟು ಬನ್ನಿ ಸಾರ್’ ಎಂದು ಹೊರಗಟ್ಟಿದ್ದ. ಮ್ಯಾನೇಜರು ಬಿಚ್ಚಿಟ್ಟೇ ಬಂದರು. ಮಿಲ್ಲಿನಲ್ಲಿ ಅವನಿಗೆ ‘ಕಣ್ಣು’ ಎಂದೇ ಹೆಸರು. ‘ಕಣ್ಣು ಬಂತಾ?’ ‘ಕಣ್ಣು ಊಟಕ್ಕೆ ಹೋಗಿದೆ.’ ಅವನಿಗೂ ಆ ಹೆಸರಿನ ಬಗ್ಗೆ ಒಳಗೊಳಗೇ ಜಂಬ. ಇರಲಿ, ಇಟ್ಟುಕೊಳ್ಳಬಹುದಾದ ಜಂಬವೇ.

ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಮಗಳು ಹುಟ್ಟಿದಾಗ ಅಲ್ಲಿ ಹೊಸ ಪೈಪ್‌ಲೈನಿನ ಕೆಲಸ ಆಗಷ್ಟೇ ಶುರುವಾಗಿತ್ತು. ಅಷ್ಟು ವರ್ಷ ಬೇರೆಯವರ ಗೀಟನ್ನೇ ತಿದ್ದುತ್ತಿದ್ದವಳಿಗೆ ಮೊದಲ ಸಲ ತನ್ನದೇ ನಕ್ಷೆ ಕೊಡುತ್ತೇವೆ ಎಂದಿದ್ದರು, ರಜೆಯನ್ನು ಅರ್ಧಕ್ಕೆ ಮುಗಿಸಿ ಬಂದರೆ ಮಾತ್ರ. ಆ ವರ್ಷವೇ ಒಂದು ಹೊಸ ಕಾಯಿದೆಯೂ ಬಂದಿತ್ತು. ತಾಯಿ ಬಿಟ್ಟುಕೊಟ್ಟ ರಜೆಯನ್ನು ತಂದೆ ತೆಗೆದುಕೊಳ್ಳಬಹುದು. ಮಿಲ್ಲಿನ ಕ್ಯಾಂಟೀನಿನ ಗೋಡೆಗೆ ಅದನ್ನು ಅಂಟಿಸಿದ್ದರು. ಗಂಡಸರೆಲ್ಲ ಅದನ್ನು ಓದಿ, ಟೀ ಚೆಲ್ಲುವ ಹಾಗೆ ನಕ್ಕು, ಕೆಲಸಕ್ಕೆ ಹೋಗಿದ್ದರು. ಯಾರಾದರೂ ಅದನ್ನು ನಿಜವಾಗಿ ಕೇಳುತ್ತಾರೆ ಎಂದು ಕಾಯಿದೆ ಬರೆದವರಿಗೂ ನಂಬಿಕೆ ಇದ್ದಂತಿರಲಿಲ್ಲ.

ಅವನು ಕೇಳಿದ. ಹಾಜರಿ ಗುಮಾಸ್ತ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದ, “ಮನೇಲಿ ಹೆಂಗಸರು ಯಾರೂ ಇಲ್ವೇನಪ್ಪ?”

“ಇದ್ದಾಳಲ್ಲ, ಅವಳನ್ನೇ ನೋಡ್ಕೊಳ್ಳೋಕೆ ರಜೆ ಕೇಳ್ತಿರೋದು,” ಎಂದ ಅವನು. ಮಗಳ ವಿಷಯ ಹೇಳಿದ್ದು.

ಸಂಜೆಯೊಳಗೆ ‘ಕಣ್ಣು’ ಹೋಗಿ ‘ದಾದಿ’ಯಾದ. ‘ದಾದಿ, ಲಾಲಿ ಹಾಡು ಕಲಿತ್ಯಾ?’ ಎಂದು ತೊಟ್ಟಿಯ ಹಬೆಯೊಳಗಿಂದ ಯಾರೋ ಕೂಗಿದರು. ಮ್ಯಾನೇಜರು ಮಾತ್ರ ನಗಲಿಲ್ಲ, ಅವರಿಗೆ ಬೇರೆ ಚಿಂತೆ. ಕೊನೆಗೆ ಅವರೇ ಒಂದು ಉಪಾಯ ಹೇಳಿದರು: ‘ನಿನ್ನ ಮನೆ ಕಿಟಕಿನೂ ಉತ್ತರಕ್ಕೇ ಇದೆಯಂತಲ್ಲ. ದಿನಾ ಬೆಳಿಗ್ಗೆ ತುಂಡುಗಳನ್ನ ಮನೆಗೇ ಕಳಿಸ್ತೀನಿ. ನೀನು ನೋಡಿ ಹೇಳು, ಆಯ್ತು.’ ಅವನು ಹಿಗ್ಗಿ ಹೀರೇಕಾಯಿಯಾದ. ಎರಡೂ ಕೈಯಲ್ಲಿ ಲಾಡು ಅಂದುಕೊಂಡ. ಹೆಂಡತಿ ಮಾತ್ರ ಮೂಗು ಮುರಿದಳು.

“ಇದು ನಿಮಗೆ ರಜೆ ಸಿಕ್ಕಿದ್ದೋ, ಮಿಲ್ಲು ನಮ್ಮನೆಗೆ ಬಂದು ಕೂತಿದ್ದೋ?”

ಅವನು ಅದಕ್ಕೆ ಕಿವಿಗೊಡಲಿಲ್ಲ.

ಆ ದಿನಗಳನ್ನು ನೆನೆದರೆ ಅವನಿಗೆ ಈಗಲೂ ಮೊದಲು ನೆನಪಾಗುವುದು ವಾಸನೆ. ಹಾಲು, ಪೌಡರು, ಒದ್ದೆ ಬಟ್ಟೆ, ಬಿಸಿಲಿಗೆ ಕಾದ ಕಿಟಕಿಯ ಮರ. ಮಗಳಿಗೆ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಚಿವುಟುತ್ತಿದ್ದಳೆಂದು ‘ಚೂಟಿ’ ಎಂದು ಕರೆಯುತ್ತಿದ್ದ. ಮೊದಮೊದಲು ಅವಳನ್ನು ಎತ್ತಿಕೊಂಡರೆ ಗಾಜಿನ ಪಾತ್ರೆ ಹಿಡಿದವನ ಹಾಗೆ ನಿಂತಲ್ಲೇ ನಿಲ್ಲುತ್ತಿದ್ದ. ಬಾಟಲಿ ಕೊಟ್ಟರೆ ಅವಳು ಬಾಯಿ ಬಿಗಿಹಿಡಿದು ಅವನನ್ನೇ ದುರುಗುಟ್ಟಿಕೊಂಡು ನೋಡುವಳು, ಯಾರಯ್ಯ ನೀನು ಎಂಬಂತೆ. ಅಮ್ಮ ಬರುವ ತನಕ ಇಬ್ಬರೂ ಸೇರಿ ಅತ್ತ ದಿನಗಳೂ ಇದ್ದವು. ಆಮೇಲೊಂದು ದಿನ, ಯಾಕೆಂದು ಅವನಿಗೂ ತಿಳಿಯದು, ಅವಳು ಅವನ ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಟಲಿ ಪೂರ್ತಿ ಖಾಲಿ ಮಾಡಿದಳು. ಅವತ್ತಿನಿಂದ ಕಿವಿ ಸಿಕ್ಕಿದರೆ ಹಾಲು, ಇಲ್ಲದಿದ್ದರೆ ಇಲ್ಲ. ನಿದ್ದೆಗೂ ಅದೇ. ಎಡಗಿವಿ ಯಾವಾಗಲೂ ಕೆಂಪಗಿರುತ್ತಿತ್ತು.

ಬೆಳಿಗ್ಗೆ ಮಿಲ್ಲಿನ ಮುದುಕ ಜವಾನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ತುಂಡುಗಳನ್ನು ಕೊಡುವನು. ಇವನು ಬೂದು ಕೋಟು ತೊಟ್ಟು, ಚೂಟಿಯನ್ನು ಹೆಗಲಿಗೆ ಹಾಕಿಕೊಂಡು, ಕಿವಿಯನ್ನು ಅವಳಿಗೊಪ್ಪಿಸಿ, ಕಿಟಕಿಯ ಮುಂದೆ ನಿಲ್ಲುವನು. ಜವಾನ ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಮಗುವಿಗೆ ಮಿಲ್ಲಿನ ಸುದ್ದಿಯೆಲ್ಲ ಹೇಳುವನು. ಹೀಗೆ ಸುಸೂತ್ರವಾಗಿ ನಡೆಯುತ್ತಿತ್ತು.

ಒಂದು ವಾರ ಚೂಟಿಗೆ ನೆಗಡಿಯಾಯಿತು. ಅವನು ಮನೆ ಬಿಟ್ಟು ಕದಲಲಿಲ್ಲ. ಕಿಟಕಿಯ ಬಳಿ ನಿಂತರೂ ಹೊರಗೆ ಕಣ್ಣು ಹಾಯಿಸುವ ಪುರುಸೊತ್ತಿಲ್ಲ, ಮೂಗು ಒರೆಸು, ಬೆನ್ನು ತಟ್ಟು, ಬಟ್ಟೆ ಬದಲಿಸು. ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಜವಾನ ತಂದದ್ದು ಆಸ್ಪತ್ರೆಯ ನರ್ಸುಗಳ ಸಮವಸ್ತ್ರದ ಬೂದು ತುಂಡು. ಭಾರಿ ಆರ್ಡರು, ಆ ವರ್ಷದ್ದೇ ದೊಡ್ಡದು. ಅವನು ನೋಡಿದ, ಪಕ್ಕದಲ್ಲಿ ಮೂಲ ತುಂಡು ಇಟ್ಟು ಇನ್ನೊಮ್ಮೆ ನೋಡಿ ‘ಸರಿ’ ಎಂದ. ಜವಾನ ಹೋದ.

ಆಮೇಲೆ ಮಗುವಿಗೆ ಅಂಗಿ ಬದಲಿಸಲು ಅದೇ ಕಿಟಕಿಯ ಬಳಿ ಮಲಗಿಸಿದವನು ಅಂಗಿಯನ್ನು ಕೈಬಿಟ್ಟ. ಚೂಟಿ ಹಳದಿಯಾಗಿದ್ದಳು. ಹೊಟ್ಟೆ ಹಳದಿ, ಕೆನ್ನೆ ಹಳದಿ, ಕಣ್ಣಿನ ಬಿಳಿಯೂ ಹಳದಿ. ಕಾಮಾಲೆ! ಜಗತ್ತಿನಲ್ಲಿ ಬೇರೆ ಯಾರ ಕಣ್ಣು ಸುಳ್ಳು ಹೇಳಿದರೂ ತನ್ನ ಕಣ್ಣು ಹೇಳುವುದಿಲ್ಲವಲ್ಲ. ಮುಂದಿನದು ನೆಂಟರಿಗೆಲ್ಲ ಗೊತ್ತಿರುವ ಕತೆ. ಚಪ್ಪಲಿ, ಓಟ, ಡಾಕ್ಟರು, ಮಾತ್ರೆ.

ಡಾಕ್ಟರ ಕೋಣೆಯಲ್ಲಿ ಮಗು ಗುಲಾಬಿಯ ಹಾಗಿತ್ತು. ಅವನು ಮುಖ ಹುಳ್ಳಗೆ ಮಾಡಿಕೊಂಡು ಮನೆಗೆ ಬಂದ. ಕಿಟಕಿಯ ಬಳಿ ಹೋದ. ಮಗು ಮತ್ತೆ ಹಳದಿ. ಹೊರಗೆ ತಲೆ ಹಾಕಿ ಕೆಳಗೆ ನೋಡಿದ. ಎದುರಿನ ಪಾತ್ರೆ ಅಂಗಡಿಯವನು ಅಂಗಡಿಯ ಮುಂದೆ ಹೊಸದಾಗಿ ನೆರಳಿಗೆ ಟಾರ್ಪಾಲು ಕಟ್ಟಿಸಿದ್ದ. ಓಣಿಯ ಅಗಲಕ್ಕೂ ಚಾಚಿಕೊಂಡಿದ್ದ ಅಪ್ಪಟ ಹಳದಿ ಟಾರ್ಪಾಲು. ಬಿಸಿಲು ಅದರ ಮೇಲೆ ಬಿದ್ದು, ಪುಟಿದು, ನೇರ ಇವನ ಕಿಟಕಿಯೊಳಗೆ ನುಗ್ಗುತ್ತಿತ್ತು.

ಮೊದಲು ಅವನಿಗೆ ನಗು ಬಂತು. ಚೂಟಿಯನ್ನು ಎತ್ತಿ ಕುಣಿಸಿ, ‘ಏನಿಲ್ಲ ಕಣೇ, ಏನಿಲ್ಲ’ ಎಂದು ಗಟ್ಟಿಯಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಈ ಬೆಳಕಿನಲ್ಲೇ ನರ್ಸುಗಳ ಬಟ್ಟೆಗೆ ‘ಸರಿ’ ಎಂದಿದ್ದ. ಹಳದಿ ಬೆಳಕಿನಲ್ಲಿ ಹಳದಿ ಅಡಗಿಕೊಳ್ಳುತ್ತದೆ. ತುಂಡಿನಲ್ಲಿ ಹೆಚ್ಚಾಗಿದ್ದರೂ ಕಾಣುವುದಿಲ್ಲ. ಮ್ಯಾನೇಜರರ ಟೈ ಬಿಚ್ಚಿಸಿದ ಕಣ್ಣಿಗೆ ಇಡೀ ಓಣಿಯ ಮೇಲಿನ ಟಾರ್ಪಾಲು ಕಂಡಿರಲಿಲ್ಲ.

ಹತ್ತಿರದಲ್ಲಿ ಫೋನಿರಲಿಲ್ಲ, ಮಗುವನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಬೂದು ಕೋಟಿನೊಳಗೆ ಚೂಟಿಯನ್ನು ಸೇರಿಸಿ ಗುಂಡಿ ಹಾಕಿಕೊಂಡು, ಸೇತುವೆ ದಾಟಿ ಮಿಲ್ಲಿಗೆ ಓಡಿದ. ಗೇಟಿನವನು ತಡೆಯುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ನಿಂತ. ಬಣ್ಣದ ಹಜಾರದೊಳಗೆ ಹಬೆ, ಒದ್ದೆ ನೆಲ, ಯಂತ್ರಗಳ ಆರ್ಭಟ. ಇವನ ಕತ್ತಿನ ಕೆಳಗಿಂದ ಒಂದು ಪುಟ್ಟ ತಲೆ ಹೊರಗೆ ಇಣುಕುತ್ತಿದ್ದುದನ್ನು ನೋಡಿ, ಮೊಣಕಾಲಿನ ತನಕ ರಬ್ಬರು ಬೂಟು ತೊಟ್ಟ ಆಳುಗಳೆಲ್ಲ ಕೈಯಲ್ಲಿದ್ದ ಕೋಲು ಹಿಡಿದುಕೊಂಡೇ ನಿಂತರು. ವಿಚಿತ್ರವೆಂದರೆ, ದಾರಿಯುದ್ದಕ್ಕೂ ಕಿರುಚಿದ್ದ ಚೂಟಿ ಆ ಗದ್ದಲದಲ್ಲಿ ಸುಮ್ಮನಾಗಿಬಿಟ್ಟಳು.

“ನಿಲ್ಲಿಸಿ! ಆ ಬೂದು ನಿಲ್ಲಿಸಿ!”

ಮೇಸ್ತ್ರಿ ಕೈ ಎತ್ತಿದ. ತೊಟ್ಟಿಗಳು ಒಂದೊಂದಾಗಿ ನಿಂತವು. ಒಂದಿಷ್ಟು ಬಟ್ಟೆ ಆಗಲೇ ಬಣ್ಣ ಕುಡಿದಾಗಿತ್ತು, ಮುಕ್ಕಾಲು ಪಾಲು ಉಳಿಯಿತು. ಅವನು ಮೇಲಿನ ಕೋಣೆಗೆ ಹೋಗಿ, ತನ್ನ ಹಳೆಯ ಕಿಟಕಿಯಲ್ಲಿ ತುಂಡನ್ನು ಹಿಡಿದು ನೋಡಿದ. ಪಾಚಿ ಕಟ್ಟಿದ ನೀರಿನ ಬಣ್ಣ. ಕುರುಡನಿಗೂ ಕಾಣುತ್ತಿತ್ತು.

ಮ್ಯಾನೇಜರು ಕೆಟ್ಟವರಲ್ಲ, ಅದನ್ನು ಹೇಳಿಯೇ ಮುಂದೆ ಹೋಗಬೇಕು. ಅವರು ಬೈಯಲಿಲ್ಲ. ಚೂಟಿಗೆ ಚಿಟಿಕೆ ಹೊಡೆದು ಆಡಿಸಿದರು ಕೂಡ. ಆಮೇಲೆ ಹೇಳಿದರು.

“ನೋಡಪ್ಪ, ನಿಲ್ಲಿಸೋಕೆ ಓಡಿ ಬಂದೆ, ಅದನ್ನ ನಾನು ಮರೆಯಲ್ಲ. ಆದ್ರೆ ಮಗು ಎತ್ಕೊಂಡು ಈ ಕೆಲಸ ಆಗಲ್ಲ, ನಿನಗೂ ಗೊತ್ತಾಯ್ತು. ಸೋಮವಾರ ವಾಪಸ್ ಬಾ, ಈ ಕಿಟಕಿ ನಿಂದೇ.”

“ಬರ್ದಿದ್ರೆ?”

“ಬರ್ದಿದ್ರೆ ನಿನ್ನ ಕೈಕೆಳಗಿದ್ದವನನ್ನ ಇಲ್ಲಿ ಕೂರಿಸ್ತೀನಿ. ಕೂರಿಸಿದ ಮೇಲೆ ಎಬ್ಬಿಸೋಕಾಗಲ್ಲ. ರಜೆ ಮುಗಿಸ್ಕೊಂಡು ಬಂದಾಗ ಖಾಲಿ ಇರೋದು ಕೆಳಗಡೆ ಎರಡನೇ ಪಾಳಿ ಮಾತ್ರ. ತೊಟ್ಟಿ ಕೆಲಸ. ಯೋಚನೆ ಮಾಡು.”

ಎರಡನೇ ಪಾಳಿ ಎಂದರೆ ಮಧ್ಯಾಹ್ನ ಹೋಗಿ, ಊರೆಲ್ಲ ಉಂಡು ಮಲಗುವ ಹೊತ್ತಿಗೆ ಬರುವುದು.

ಅವನು ಸೇತುವೆಯ ಮೇಲೆ ನಿಧಾನವಾಗಿ ನಡೆದು ಬಂದ. ಸಂಜೆ ಹೆಂಡತಿ ಮನೆಗೆ ಬಂದು ಎಲ್ಲ ಕೇಳಿಸಿಕೊಂಡು, ಟಾರ್ಪಾಲಿನ ಸುದ್ದಿಗೆ ನಕ್ಕು, ಎರಡನೇ ಪಾಳಿಯ ಸುದ್ದಿಗೆ ಕುರ್ಚಿ ಎಳೆದು ಕೂತಳು. ಕೈಯಲ್ಲಿ ಇನ್ನೂ ನಕ್ಷೆಯ ಶಾಯಿ ಇತ್ತು.

“ನಾನೇ ಕೆಲಸ ಬಿಡ್ತೀನಿ ಬಿಡಿ.”

“ನೀನು ಬಿಟ್ರೆ ಊರಿಗೆ ನೀರು ಬರಲ್ಲ.”

“ತಮಾಷೆ ಸಾಕು. ಹಾಗಾದ್ರೆ ಸೋಮವಾರ ಹೋಗಿ. ಕೆಳಗಡೆ ಮನೆಯವರು ಮಗೂನ ನೋಡ್ಕೋತೀನಿ ಅಂದಿದ್ದಾರೆ. ಎಲ್ಲರ ಮಕ್ಕಳೂ ಹಾಗೇ ತಾನೇ ಬೆಳೆಯೋದು?”

“ಬೆಳೆಯುತ್ತವೆ. ಆದ್ರೆ ಇವತ್ತು ಇವಳು ಹಳದಿ ಕಂಡಾಗ ನನ್ನ ಜೀವ ಎಲ್ಲಿತ್ತು ಅಂತ ನನಗೇ ಗೊತ್ತಿಲ್ಲ ಕಣೇ. ಇವಳನ್ನ ಇನ್ನೊಬ್ಬರ ಕೈಗೆ ಕೊಟ್ಟು ಹೋಗಿ, ಅಲ್ಲಿ ಕೂತು ಬೂದು ನೋಡು ಅಂದ್ರೆ ನನ್ನಿಂದ ಆಗಲ್ಲ. ನನ್ನ ರಜೆ ಇನ್ನೂ ಇದೆ. ನಾನು ಮುಗಿಸ್ತೀನಿ.”

“ಆಮೇಲೆ? ಎರಡನೇ ಪಾಳಿಗೆ ಬಿದ್ರೆ, ಇವಳು ಸ್ಕೂಲಿಗೆ ಹೋಗೋ ಹೊತ್ತಿಗೆ ನೀವು ಇವಳ ಮುಖಾನೇ ನೋಡಲ್ಲ.”

“ಅಲ್ಲೀತನಕ ಏನಾದ್ರೂ ದಾರಿ ಆಗುತ್ತೆ.”

ಅವನು ಅದನ್ನು ಮನಸಾರೆ ನಂಬಿದ್ದ. ಇದನ್ನು ತ್ಯಾಗ ಗೀಗ ಎಂದು ಯಾರೂ ತಿಳಿಯಬಾರದು. ಅವನಿಗೇ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅದು ಆಸೆ, ಹಸಿದವನು ತಟ್ಟೆ ಬಿಟ್ಟೇಳಲಾರದಂಥ ಆಸೆ. ಮಾರನೆಯ ದಿನ ಜವಾನ ಬಂದಾಗ, ‘ಇನ್ನು ತುಂಡು ತರಬೇಡಿ ಅಂತ ಹೇಳಿಬಿಡಿ’ ಎಂದ. ಮುದುಕ ಮಗುವಿನ ತಲೆ ನೇವರಿಸಿ ಮೆಟ್ಟಿಲಿಳಿದ.

ಆಮೇಲಿನ ತಿಂಗಳುಗಳೇ ಅವನ ಪಾಲಿನ ಸ್ವರ್ಗ. ಕಿಟಕಿಗೆ ಹಳದಿ ಬೀಳಲಿ ನೀಲಿ ಬೀಳಲಿ, ಯಾರಿಗೆ ಬೇಕು? ತಳ್ಳುಗಾಡಿಯಲ್ಲಿ ಚೂಟಿಯನ್ನು ಕೂರಿಸಿಕೊಂಡು ಓಣಿ ಓಣಿ ಸುತ್ತುತ್ತಿದ್ದ. ಮೊದಲು ಪಾರ್ಕಿನ ಬೆಂಚಿನಲ್ಲಿ ಕೂತ ತಾಯಂದಿರು ಅವನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಮಗುವಿನ ಹೊಟ್ಟೆ ಉಬ್ಬರಕ್ಕೆ ಅವನು ಬೆನ್ನು ತಟ್ಟುವ ರೀತಿ ನೋಡಿದ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಚೂಟಿ ಮಗುಚಿಕೊಂಡದ್ದು ಅವನ ಮುಂದೆ. ಮೊದಲ ಹಲ್ಲು ಚಮಚಕ್ಕೆ ಟಣ್ ಎಂದದ್ದು ಅವನ ಕೈಯಲ್ಲಿ. ಗೋಡೆ ಹಿಡಿದು ಎದ್ದು ನಿಂತು, ತಾನೇ ಬೆರಗಾಗಿ, ಕುಕ್ಕರಿಸಿ ಬಿದ್ದಾಗ ಸುತ್ತಮುತ್ತ ಯಾರೂ ಇರಲಿಲ್ಲ, ಅವರಿಬ್ಬರೇ. ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುವ ಮೊದಲೇ, ‘ಇವತ್ತು ಏನು ಮಾಡಿದ್ಲು?’ ಎಂದು ಕೇಳುವಳು. ಅವನು ಅಭಿನಯ ಸಮೇತ ತೋರಿಸುವನು. ಅವಳು ನಗುತ್ತ ನಗುತ್ತ ಒಂದೊಂದು ಸಲ ಕಣ್ಣು ಒರೆಸಿಕೊಳ್ಳುವಳು, ತಾನು ನೋಡಲಿಲ್ಲವಲ್ಲ ಎಂದು. ಆಗ ಅವನಿಗೆ ಪಾಪ ಅನ್ನಿಸುತ್ತಿತ್ತು. ಹಾಗೆ ಒರೆಸಿಕೊಳ್ಳುವ ಸರದಿ ತನಗೂ ಬರಲಿದೆ ಎಂದು ಅವನು ಎಣಿಸಿರಲಿಲ್ಲ.

ದಾರಿ ಆಗಲಿಲ್ಲ. ರಜೆ ಮುಗಿಯಿತು, ಎರಡನೇ ಪಾಳಿ ಶುರುವಾಯಿತು. ಮೇಲಿನ ಕಿಟಕಿಯಲ್ಲಿ ಬೇರೆಯವನು ಕೂತಿದ್ದ, ಚೆನ್ನಾಗಿಯೇ ನೋಡುತ್ತಿದ್ದ. ಕೆಲವು ವರ್ಷಗಳ ನಂತರ ಅವನನ್ನೂ ಎಬ್ಬಿಸಿ ಅಲ್ಲಿ ಬಣ್ಣ ಅಳೆಯುವ ಯಂತ್ರ ತಂದು ಕೂರಿಸಿದರು. ಮೊದಲ ಪಾಳಿಗೆ ಹಾಕಿ ಎಂದು ಇವನು ಕೇಳಿದಾಗಲೆಲ್ಲ ‘ನೋಡೋಣ’ ಎಂದರು. ಮ್ಯಾನೇಜರು ಬದಲಾದರು, ಹೊಸಬರೂ ‘ನೋಡೋಣ’ ಎಂದರು. ಚೂಟಿ ಸ್ಕೂಲಿಗೆ ಹೋಗುವಾಗ ಅವನು ನಿದ್ದೆಗಣ್ಣಿನಲ್ಲಿ ಕೈ ಬೀಸುವನು. ಅವಳು ಬರುವಾಗ ಅವನು ಹೋಗಿರುವನು. ರಾತ್ರಿ ಬಂದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿರುವಳು. ಪದ್ಯ ಹೇಳಿ ಬಹುಮಾನ ಗೆದ್ದದ್ದು, ಸೈಕಲ್ಲಿನಿಂದ ಬಿದ್ದದ್ದು, ಗೆಳತಿಯ ಜತೆ ಟೂ ಬಿಟ್ಟದ್ದು, ಎಲ್ಲವೂ ಅವನಿಗೆ ಸುದ್ದಿಯಾಗಿ ಬಂದವು. ಒಂದು ಭಾನುವಾರ ಅವನು ಮನೆಯಲ್ಲೇ ಓಡಾಡುತ್ತಿದ್ದಾಗ ಅವಳು ಅಮ್ಮನ ಸೆರಗೆಳೆದು ಮೆಲ್ಲಗೆ ಕೇಳಿದಳು, “ಅಪ್ಪ ಇವತ್ತು ಹೋಗಲ್ವಾ?” ಮನೆಗೆ ಬಂದ ಅತಿಥಿಯ ಬಗ್ಗೆ ಕೇಳುವ ಹಾಗೆ. ಅವನು ಒಳಗೆ ಹೋಗಿ ಸುಮ್ಮನೆ ಒಂದು ಮೊಳೆ ಹೊಡೆದ, ಏನೂ ನೇತುಹಾಕುವುದಿರಲಿಲ್ಲ.

ಅವತ್ತು ಹೆಂಡತಿ, ‘ಅವಳಿಗೆ ಎಲ್ಲಾ ಹೇಳ್ತೀನಿ’ ಎಂದಳು. ಅವನು ಬೇಡವೆಂದ. ‘ನಿನಗೋಸ್ಕರ ಹೀಗಾಯ್ತು ಅಂದ್ರೆ ಮಗು ಅದನ್ನ ಎಲ್ಲಿ ಇಟ್ಕೊಳ್ಳುತ್ತೆ?’ ಹೀಗೆ ಕತೆ ಡಾಕ್ಟರ ಮಾತ್ರೆಗೇ ನಿಂತಿತು.

ಈಗ ಚೂಟಿಗೇ ಮಗುವಾಗಿದೆ. ಗಂಡು ಮಗು, ಇನ್ನೂ ಕಣ್ಣು ನೆಟ್ಟಗೆ ನಿಲ್ಲಿಸಿ ನೋಡಲು ಬಾರದಷ್ಟು ಚಿಕ್ಕದು. ಮಗಳ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಅಳಿಯ ಲಿಫ್ಟ್ ಕಂಪನಿಯಲ್ಲಿ ಎಂಜಿನಿಯರು, ಮಾತು ಕಡಿಮೆ, ಒಳ್ಳೆಯವನು. ಕಂಪನಿಯಲ್ಲಿ ಅವನಿಗೆ ಮಗುವಿನ ರಜೆ ಬೇಕಾದಷ್ಟು ಇತ್ತು. ಈಗ ಯಾರೂ ಅದಕ್ಕೆ ನಗುವುದಿಲ್ಲ. ಆದರೆ ಸರಿಯಾಗಿ ಅದೇ ಹೊತ್ತಿಗೆ ಊರಿನ ಅತಿ ಎತ್ತರದ ಕಟ್ಟಡದ ಲಿಫ್ಟುಗಳ ಉಸ್ತುವಾರಿ ಅವನಿಗೆ ಬಂದಿತ್ತು. ರಜೆ ಹಾಕಿದರೆ ಅದು ಬೇರೆಯವರ ಪಾಲು. ಅದೂ ಈಗ ತಪ್ಪಿದರೆ ಇನ್ನು ಯಾವಾಗಲೋ.

ಊಟದ ಮೇಜಿನಲ್ಲಿ ಅವನು ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದ, “ಮಾವ, ನೀವೇ ಹೇಳಿ. ನೀವಾಗಿದ್ರೆ ಏನು ಮಾಡ್ತಿದ್ರಿ?”

ಬಣ್ಣಗಾರ ಬಾಯಿ ತೆರೆದ. ಇಷ್ಟು ವರ್ಷಕ್ಕೆ ಮೊದಲ ಸಲ ಯಾರೋ ಅದನ್ನು ಕೇಳಿದ್ದರು. ನಾನಾಗಿದ್ದೆ ಕಣಯ್ಯ, ನಾನೇ ಆಗಿದ್ದೆ, ಎಂದು ನಾಲಗೆಯ ತುದಿಯ ತನಕ ಬಂತು.

ಅಷ್ಟರಲ್ಲಿ ಮಗಳು ನಕ್ಕಳು. “ಅಪ್ಪನ್ನ ಕೇಳ್ತಿದೀಯಲ್ಲ! ಅಪ್ಪ ಮಿಲ್ಲು ಬಿಟ್ಟು ಮನೇಲಿದ್ದದ್ದನ್ನ ನಾನು ನೋಡೇ ಇಲ್ಲ.” ಆಮೇಲೆ ನಗು ತೆಳುವಾಯಿತು. “ಬೇಜಾರು ಮಾಡ್ಕೋಬೇಡಪ್ಪ. ನೀನು ದುಡಿದಿದ್ದು ನಮಗೇ, ನನಗೆ ಗೊತ್ತು. ಆದ್ರೆ ನಾನು ದಿನಾ ನಿದ್ದೆ ತಡ್ಕೊಂಡು ನಿನಗೋಸ್ಕರ ಕಾಯ್ತಿದ್ದೆ. ಒಂದು ದಿನಾನೂ ಗೆಲ್ಲಲಿಲ್ಲ. ನನ್ನ ಮಗ ಹಾಗೆ ಕಾಯೋದು ನನಗೆ ಬೇಡ.”

ಅವಳು ಕಾಯುತ್ತಿದ್ದಳೆಂಬುದು ಅವನಿಗೆ ಗೊತ್ತಿರಲಿಲ್ಲ. ಗೋಡೆಗೆ ತಿರುಗಿ ಮಲಗಿದ ಆ ಪುಟ್ಟ ಬೆನ್ನು ಅವನ ಕಣ್ಣ ಮುಂದೆ ಬಂತು. ಹೆಂಡತಿ ಚಮಚವನ್ನು ಟಪ್ಪೆಂದು ಕೆಳಗಿಟ್ಟು ಅವನನ್ನೇ ನೋಡಿದಳು. ಈಗ ಹೇಳಿ, ಎನ್ನುತ್ತಿತ್ತು ಆ ನೋಟ. ಈಗಲಾದರೂ ಹೇಳಿ.

ಹೇಳಬಹುದಿತ್ತು. ಹೇಳಿದರೆ ಮಗಳ ಕಣ್ಣಿನಲ್ಲಿ ಅವನು ಬೇರೆಯೇ ಅಪ್ಪನಾಗುತ್ತಿದ್ದ, ಆ ಆಸೆ ಎದೆಯಲ್ಲಿ ಬೆಂಕಿಯ ಹಾಗೆ ಎದ್ದಿತು. ಆದರೆ ಎದುರಿಗೆ ಅಳಿಯ ಕೂತಿದ್ದ. ರಜೆ ಮುಗಿಸಿದವನೊಬ್ಬ ಅದಕ್ಕೆ ಎಷ್ಟು ವರ್ಷ ತೆತ್ತ ಎಂದು ಕೇಳಿಸಿಕೊಂಡರೆ ಈ ಹುಡುಗ ರಜೆ ಬಿಟ್ಟು ನಾಳೆಯೇ ಆ ಕಟ್ಟಡ ಹತ್ತುತ್ತಾನೆ. ಹತ್ತಬೇಡ ಎನ್ನಲು ಯಾರಿಗೆ ಬಾಯಿರುತ್ತದೆ?

“ಅವಳು ಹೇಳಿದ್ದು ಸರಿ,” ಎಂದ ಬಣ್ಣಗಾರ. “ನಾನು ಮನೇಲಿರಲಿಲ್ಲ. ನೀವು ಇರಿ. ನನ್ನ ಹಾಗೆ ಆಗ್ಬೇಡಿ.”

ಅಳಿಯ ತಲೆಯಾಡಿಸಿ, ಎದ್ದು ಆಫೀಸಿಗೆ ಫೋನು ಮಾಡಲು ಬಾಲ್ಕನಿಗೆ ಹೋದ. ಮಗಳು ಬಂದು ಅಪ್ಪನ ಹೆಗಲಿಗೆ ಗಲ್ಲವೂರಿ, “ಬೇಜಾರಾಯ್ತಾ?” ಎಂದಳು. ಅವನು ಇಲ್ಲವೆಂದ. ಆಗಿತ್ತು, ಚೆನ್ನಾಗಿಯೇ ಆಗಿತ್ತು.

ಅಡುಗೆಮನೆಯಲ್ಲಿ ಹೆಂಡತಿ ಬಾಟಲಿಗಳನ್ನು ಒಡೆದೇಹೋಗುವ ಹಾಗೆ ತೊಳೆಯುತ್ತಿದ್ದಳು.

“ಇವತ್ತು ನಾನು ಬಿಡಲ್ಲ. ಹೋಗಿ ಹೇಳಿಬಿಡ್ತೀನಿ.”

“ಹೇಳಿದ್ರೆ ಅವಳಿಗೆ ಅದು ನೆನಪಿಗೆ ಬರುತ್ತಾ? ಬರಲ್ಲ. ಕಾದದ್ದು ನೆನಪಿದೆ, ಅದು ಸುಳ್ಳಲ್ಲ. ಕಾದವಳ ತಲೆ ಮೇಲೆ ಇನ್ನೊಂದು ಹೊರೆ ಯಾಕೆ?”

“ಅಷ್ಟು ಚೆನ್ನಾಗಿದ್ದ ದಿನ, ಯಾರಿಗೂ ಗೊತ್ತಿಲ್ಲದೆ ಹೋಗುತ್ತಲ್ಲ,” ಎಂದಳು. ಅವಳ ದನಿ ಒಡೆದಿತ್ತು. “ಸಂಜೆ ಬಂದ ತಕ್ಷಣ ನೀವು ಮಾಡಿ ತೋರಿಸ್ತಿದ್ರಿ. ಮಗುಚಿದ್ದು, ನಿಂತಿದ್ದು, ಬಿದ್ದಿದ್ದು. ಮಗುಗಿಂತ ಚೆನ್ನಾಗಿ ಬೀಳ್ತಿದ್ರಿ.”

“ನಿನಗೆ ಗೊತ್ತಲ್ಲ,” ಎಂದ ಅವನು. “ಸಾಕು.”

ಅಷ್ಟರಲ್ಲಿ ಒಳಗೆ ಮಗು ಕಿಟಾರನೆ ಕಿರುಚಿತು. ಮಗಳು ಸ್ನಾನಕ್ಕೆ ಹೋಗಿದ್ದಳು. ಅಳಿಯ ಬಾಲ್ಕನಿಯಿಂದ ಓಡಿಬಂದದ್ದು ಕೇಳಿಸಿತು. ‘ಏನಾಯ್ತೋ, ಏನಾಯ್ತು, ಏನು ಬೇಕು ನಿನಗೆ, ಹೇಳೋ ಮಾರಾಯ’ ಎಂದು ಕಕ್ಕಾಬಿಕ್ಕಿಯಾಗಿ ಮಗುವನ್ನೇ ಕೇಳುತ್ತಿದ್ದ. ಅಳು ಇನ್ನಷ್ಟು ಏರಿತು. ಹೆಂಡತಿ ಕೈ ಒರೆಸಿಕೊಂಡು ಹೊರಟಳು. ಅವನು ಅವಳ ಒದ್ದೆ ಕೈಯನ್ನು ಹಿಡಿದು ನಿಲ್ಲಿಸಿದ.

“ಬೇಡ ಇರು. ಅವನು ನೋಡ್ಕೊಳ್ಳಲಿ.”

ಅಳು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇಬ್ಬರೂ ನಲ್ಲಿ ನಿಲ್ಲಿಸಿ, ಅಲ್ಲೇ ನಿಂತು ಕೇಳಿಸಿಕೊಂಡರು.